ಮುದ್ದೆ ನುಣುಪೋ ಒರಟೋ

ಹಿರೀಸಾವೆಯ ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟಿರುವ ನಂಜಪ್ಪನವರಿಗೆ ಮೂವತ್ತಡಿ ಕಂಬದ ಮೇಲೆ ಹನ್ನೆರಡಡಿ ಅಗಲದ ಫೈಬರ್ ರಾಗಿಮುದ್ದೆ ಬೇಕಿತ್ತು. ಕಂಬದ ಲೆಕ್ಕ ನನ್ನದು. ಇಂಜಿನಿಯರ್ ಆದಮೇಲೆ ನಾನೊಬ್ಬಳೇ ಮಾಡುತ್ತಿದ್ದ ಮೊದಲ ಲೆಕ್ಕ. ಗಾಳಿ ಮುದ್ದೆಯನ್ನು ಎಷ್ಟು ತಳ್ಳುತ್ತದೆ ಎಂಬ ಒಂದು ಸಂಖ್ಯೆ ಸಿಕ್ಕರೆ ಮುಗಿಯಿತು ಅಂದುಕೊಂಡಿದ್ದೆ.

ಇಂಟರ್‌ನೆಟ್ಟಿನಲ್ಲಿ ಐದು ಸಿಕ್ಕವು. ಒಂದು ಕ್ರಿಕೆಟ್ ಚೆಂಡಿನದು. ಉಳಿದವು ಒಂದನ್ನೊಂದು ನೋಡಿ ಬರೆದುಕೊಂಡಿದ್ದವು. ಮೊದಲು ಬರೆದವನು ಯಾರೋ ಪತ್ತೆಯಿಲ್ಲ. ಹಾಸನದ ಆಫೀಸಿನಲ್ಲಿ ನನ್ನ ಮೇಲಿನವರಾದ ಚಂದ್ರಶೇಖರಯ್ಯ, ಕಟ್ಟಡಗಳ ಸರ್ಕಾರಿ ನಿಯಮಗಳಿರುವ ಕೋಡ್ ಪುಸ್ತಕವನ್ನು ಮುಂದಿಟ್ಟರು. ಅದರಲ್ಲಿ ಗೋಳಕ್ಕೆ ಎರಡು ಬಗೆ: ನುಣುಪು, ಒರಟು. ಒರಟಾದರೆ ಗಾಳಿಯ ಹೊಡೆತ ಜಾಸ್ತಿ, ಕಂಬ ದಪ್ಪ.

“ಯಾವುದು ಮಾನಸಾ? ಆಧಾರ ಇಲ್ದೆ ನಾನು ಸೈನ್ ಹಾಕಲ್ಲ. ಮುದ್ದೆ ಹೋಗಿ ಬಸ್ಸಿನ ಮೇಲೆ ಕೂತ್ರೆ ಪೇಪರ್‌ನಲ್ಲಿ ನಮ್ಮಿಬ್ಬರ ಹೆಸ್ರೂ ಬರತ್ತೆ.”

ಹೋಟೆಲಿಗೆ ಹೋಗಿ ನಂಜಪ್ಪನವರನ್ನೇ ಕೇಳಿದೆ: ನಿಮ್ಮ ಮುದ್ದೆ ನುಣುಪೋ ಒರಟೋ? ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು.

“ಏನಂದೆ ಕಣವ್ವಾ? ನಮ್ ಪುಟ್ಟತಾಯಮ್ಮ ಇಪ್ಪತ್ತು ವರ್ಸದಿಂದ ಮುದ್ದೆ ಕಟ್ತಾವ್ಳೆ. ಇವತ್ಗಂಟ ಒಂದ್ ಗಂಟು ಸಿಕ್ಕಿಲ್ಲ. ಒರಟಂತೆ! ಬಾ, ಗಾಳಿಗೇ ಇಡಾನ. ಗಾಳೀನೇ ಯೋಳ್ಲಿ.”

ಎರಡಡಿಯ ಥರ್ಮಾಕೋಲ್ ಗುಂಡು ತಂದೆ.

“ಇದ್ನ ಮುದ್ದೆ ಅಂದ್ರೆ ಎಮ್ಮೇನೂ ನಗ್ತದೆ,” ಎಂದ ಪುಟ್ಟತಾಯಮ್ಮ ಅದರ ಸುತ್ತ ನಿಜವಾದ ರಾಗಿಮುದ್ದೆಯನ್ನೇ ಮೆತ್ತಿ, ಕೈ ಒದ್ದೆ ಮಾಡಿಕೊಂಡು ಸವರಿದರು. ಫಳಫಳ ಹೊಳೆಯಿತು.

ಅದನ್ನು ಲಗೇಜ್ ಆಟೊ ಮೇಲೆ ನಿಲ್ಲಿಸಿ, ಗಾಳಿಯ ಎಳೆತ ಅಳೆಯಲು ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೂವರೂ ಹತ್ತಿ, ಚನ್ನರಾಯಪಟ್ಟಣದ ಕಡೆಗೆ ಒಂದೇ ವೇಗದಲ್ಲಿ ಮೂರು ಸಲ ಹೋಗಿಬಂದೆವು. ಮೊದಲ ಸಲ ಗಾಳಿ ಒಂದು ಕೇಜಿ ಎಳೆಯಿತು. ಆಮೇಲೆ ಒಂದೂಕಾಲು. ಆಮೇಲೆ ಒಂದೂವರೆ.

“ಈ ತಕ್ಕಡಿ ಕಳ್ಳ ಕಣವ್ವಾ! ತರಕಾರೀಲೂ ಇಂಗೇ ಮೋಸ ಮಾಡ್ತಿತ್ತೋ ಏನೋ!” ಎಂದರು ನಂಜಪ್ಪ.

ಇಳಿದು ನೋಡಿದೆ. ಬಿಸಿಲಿಗೂ ಗಾಳಿಗೂ ಒಣಗಿದ ಮುದ್ದೆ, ಚಪ್ಪಲಿ ಕಾಣದ ಹಿಮ್ಮಡಿಯಂತೆ ಬಿರಿದು ಒರಟಾಗಿತ್ತು. ನಂಜಪ್ಪನವರು ಹೆಗಲ ಟವೆಲ್ ತೆಗೆದು ಅದರ ಮೇಲೆ ಹೊದಿಸಿದರು. “ಬಸ್ಸಿನೋರು ನೋಡ್ತಾರೆ!”

“ಯಜಮಾನ್ರೇ,” ಎಂದರು ಪುಟ್ಟತಾಯಮ್ಮ, “ನನ್ ಕೈಯಾರ ಸವರಿದ್ದೇ ಒಂದ್ ಗಂಟೆ ಬಿಸ್ಲಿಗೆ ಇಂಗಾಯ್ತು. ನಿಮ್ ಫೈಬರ್ ಬಣ್ಣ ಏನು ಕೊನೇಗಂಟ ಅಂಗೇ ಇದ್ದಾತಾ?”

ನಾನು ಹುಡುಕುತ್ತಿದ್ದ ಆಧಾರ ಅದೇ. ಮುದ್ದೆ ಇವತ್ತು ಹೇಗಿದೆ ಎಂದಲ್ಲ, ಹತ್ತು ವರ್ಷ ಬಿಟ್ಟು ಹೇಗಿರುತ್ತದೆ ಎಂದು ಕೇಳಬೇಕಿತ್ತು. ಒರಟು ಎಂದೇ ಲೆಕ್ಕ ಹಾಕುತ್ತೇನೆ ಎಂದೆ.

ನಂಜಪ್ಪನವರು ಟವೆಲಿನ ಅಂಚನ್ನು ಇನ್ನಷ್ಟು ಕೆಳಗೆಳೆದರು. “ದಪ್ಪ ಕಂಬಾನೇ ಆಗ್ಲಿ. ಆದ್ರೆ ಒರಟು ಅಂತ ಬರ್ದಿರೋ ಹಾಳೆ ಓಟ್ಲೊಳಿಕ್ಕೆ ತರ್ಬ್ಯಾಡ.”

ನಕ್ಷೆಯ ಮೂಲೆಯಲ್ಲಿ ಬರೆದೆ: ‘ಆಧಾರ: ಕೋಡ್ ಪುಸ್ತಕ, ಒರಟು ಗೋಳ. ಸಲಹೆ: ಪುಟ್ಟತಾಯಮ್ಮ.’ ಚಂದ್ರಶೇಖರಯ್ಯ ಆ ಹೆಸರನ್ನು ಹೊಡೆದುಹಾಕಲು ಪೆನ್ನೆತ್ತಿದರು, ನಡೆದದ್ದನ್ನು ಪೂರ್ತಿ ಕೇಳಿದರು, ಕೆಳಗೆ ಸೈನ್ ಹಾಕಿದರು.

ಮುದ್ದೆ ಈಗ ಕಂಬದ ಮೇಲಿದೆ. ನನ್ನ ಲೆಕ್ಕ ಸುಳ್ಳು ಮಾಡಬೇಕೆಂದು ನಂಜಪ್ಪನವರು ಪ್ರತಿ ಸೋಮವಾರ ಏಣಿ ಇಡಿಸಿ, ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಾರಂತೆ. ಒರೆಸಲಿ. ಕಂಬ ದಪ್ಪಗಿದೆ.