ಬಣ್ಣ ಕಾಣದ ಬಾಲ

ಕರಾವಳಿಯವರು ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತಾರೆ. ನಮ್ಮ ಸೀನಪ್ಪನವರು ಬಾಲ ಬಿಡಿಸಿ ನೋಡುತ್ತಿದ್ದರು. ತಾಜಾತನ ಆಮೇಲಿನ ಮಾತು, ಈಜುರೆಕ್ಕೆ ಹರಿದಿರಬಾರದು. ಶುಕ್ರವಾರ ಬೆಳಿಗ್ಗೆ ದೋಹಾದ ಮೀನುಪೇಟೆಯಿಂದ ಬಂದು, ಐಸು ತುಂಬಿದ ಚೀಲವನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ಅಲ್ ಮನ್ಸೂರಾ ಬಡಾವಣೆಯ ಮನೆಯ ಮೆಟ್ಟಿಲನ್ನು ಮೆಲ್ಲಗೆ ಏರುವ ಈ ಆಫೀಸು ಗುಮಾಸ್ತರಿಗೆ ನೆರೆಹೊರೆಯವರು ನಗುತ್ತಲೇ ದಾರಿ ಬಿಡುತ್ತಿದ್ದರು.

ಈ ಹುಚ್ಚಿಗೆ ಮೂಲ, ಫ್ರೆಂಚ್ ಎಂಜಿನಿಯರೊಬ್ಬ ಸ್ವದೇಶಕ್ಕೆ ಮರಳುವಾಗ ಕೊಟ್ಟುಹೋದ ಚಿತ್ರಗಳ ಪುಸ್ತಕ. ಇನ್ನೂರು ವರ್ಷಗಳ ಹಿಂದೆ ಫ್ರಾನ್ಸಿನಿಂದ ವಿಜ್ಞಾನಕ್ಕೆಂದೇ ಹೊರಟ ಹಡಗುಗಳಲ್ಲಿ ಚಿತ್ರಕಾರರೂ ಇರುತ್ತಿದ್ದರು. ಅಪರಿಚಿತ ಸಾಗರಗಳ ಮೀನು, ಹಕ್ಕಿ, ಲೋಳೆಮೀನುಗಳನ್ನು ಬಣ್ಣ ಮಾಸುವ ಮೊದಲೇ ಕಾಗದಕ್ಕಿಳಿಸುವುದು ಅವರ ಕಾಯಕ. ಭಾಷೆ ತಿಳಿಯದ ಸೀನಪ್ಪನವರು ಚಿತ್ರಗಳನ್ನೇ ಓದಿದರು. ಕೆಲವು ಹಾಳೆಗಳಲ್ಲಿ ಅರ್ಧ ಮೀನಿಗೆ ಮಾತ್ರ ಬಣ್ಣ, ಉಳಿದರ್ಧ ಬರೀ ಪೆನ್ಸಿಲ್ ಗೆರೆ. ಅದನ್ನು ಕಂಡಾಗಲೆಲ್ಲ ಅವರಿಗೆ ರೇಗುತ್ತಿತ್ತು.

"ಸೋಮಾರಿಗಳು ಮಾರಾಯ್ರೆ. ಅಷ್ಟು ದೂರ ಹೋಗಿ, ಕೆಲಸ ಪೂರ್ತಿ ಮಾಡ್ಲಿಕ್ಕೆ ಎಂತ ರೋಗ?"

ತಾವೂ ಹಾಗೆಯೇ ಮೀನಿನ ಚಿತ್ರ ಬರೆಯಲು ಕುಂಚ ಹಿಡಿದರೆ, ಮೀನು ಕೆಡದಿರಲೆಂದು ಏಸಿಯನ್ನು ತಣ್ಣಗೆ ಕೊರೆಯುವಷ್ಟು ಇಳಿಸಿ, ಮದುವೆಯ ಕೋಟು ತೊಟ್ಟು ಕೂರುತ್ತಿದ್ದರು. ಹೊರಗೆ ಆಗಸ್ಟಿನ ಮರುಭೂಮಿ ಉರಿಯುತ್ತಿದ್ದರೆ, ಒಳಗೆ ಹೆಂಡತಿ ಲೀಲಾಕ್ಷಿ ಸ್ವೆಟರ್ ಹಾಕಿಕೊಂಡು ಮಸಾಲೆ ಅರೆಯುತ್ತಿದ್ದರು.

ಎರಡು ಸಾವಿರದ ಆರರಲ್ಲಿ, ಫ್ರೆಂಚ್ ಕಲಿಸುವ ಕೇಂದ್ರವೊಂದು ಹವ್ಯಾಸಿಗಳ ಚಿತ್ರಪ್ರದರ್ಶನ ಏರ್ಪಡಿಸಿತು. ಮನೆಯವರ ಹೊರತು ಯಾರೂ ನೋಡಿರದ ಅವರ ಚಿತ್ರಗಳಿಗೆ ಮೊದಲ ಬಾರಿ ಒಂದು ಗೋಡೆ ಸಿಗುವುದಿತ್ತು. ಶನಿವಾರ ಬೆಳಿಗ್ಗೆ ಹೊಸ ಚಿತ್ರವೊಂದನ್ನು ತಲುಪಿಸಬೇಕು. ಶುಕ್ರವಾರ ನೀಲಿ-ಹಸಿರು ಗಿಳಿಮೀನೊಂದನ್ನು ತಂದು, ಮಧ್ಯಾಹ್ನದ ಹೊತ್ತಿಗೆ ಬಾಲದ ಬಣ್ಣವೊಂದುಳಿದು ಮಿಕ್ಕದ್ದೆಲ್ಲ ಮುಗಿಸಿದ್ದರು. ಅಷ್ಟರಲ್ಲಿ ಲೀಲಾಕ್ಷಿಯ ತಮ್ಮ ವಿಕಾಸ್ ಮಕ್ಕಳೊಂದಿಗೆ ದೂರದ ದುಖಾನ್ ಊರಿನಿಂದ ಬಂದ. ಅವನಿಗೆ ಕಾರು ನಿಲ್ಲಿಸುವ ಜಾಗ ತೋರಿಸಲು ಕೆಳಗಿಳಿದ ಸೀನಪ್ಪನವರು ಮರಳುವಷ್ಟರಲ್ಲಿ ತಟ್ಟೆ ಬರಿದಾಗಿತ್ತು, ಮೀನು ಸಾರಿನಲ್ಲಿ ಕುದಿಯುತ್ತಿತ್ತು.

"ಬಾಲ ಬಾಕಿ ಇತ್ತಲ್ಲ, ಲೀಲಾ."

"ಮಕ್ಕಳು ಹಸಿದು ಬಂದಿದ್ದಾರೆ. ನಿಮ್ಮ ಬಾಲಕ್ಕೆ ಕಾಯ್ಲಿಕ್ಕೆ ಆಗ್ತದಾ? ಖಲಾಸ್, ಊಟಕ್ಕೆ ಬನ್ನಿ."

ಮುಖ ಊದಿಸಿಕೊಂಡೇ ಉಂಡರು. ಎರಡನೇ ಸಲ ಸಾರು ಹಾಕಿಸಿಕೊಂಡದ್ದೂ ನಿಜ. ಮತ್ತೆ ಕೋಟು ತೊಟ್ಟು ಕೂತು, ಕುಂಚವನ್ನು ನೀಲಿಯಲ್ಲಿ ಅದ್ದಿದರು. ಕೈ ಅಲ್ಲಿಯೇ ನಿಂತಿತು.

"ಹಚ್ಚಿ ಬಿಡಿ ಭಾವ, ಯಾರಿಗೆ ಗೊತ್ತಾಗ್ತದೆ?" ಎಂದ ವಿಕಾಸ್.

"ಅಂಚಿನಲ್ಲಿ ಹಳದಿ ಇತ್ತಾ, ಕೇಸರಿಯಾ, ನಾನು ಸರಿಯಾಗಿ ನೋಡ್ಲಿಲ್ಲ. ಪೇಟೆಯಲ್ಲಿ ಹರಿದಿದೆಯಾ ಅಂತ ಮಾತ್ರ ನೋಡಿದ್ದು."

ಆ ಫ್ರೆಂಚ್ ಪುಸ್ತಕ ತೆರೆದು, ಅರ್ಧ ಬಣ್ಣದ ಮೀನೊಂದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಪ, ಇವನ ಹಡಗಲ್ಲೂ ಅಡುಗೆಯವ ಇದ್ದ ಕಾಣ್ತದೆ."

ಬಾಲ ಪೆನ್ಸಿಲ್ಲಿನಲ್ಲೇ ಉಳಿಯಿತು, ಚಿತ್ರ ಗೋಡೆಯೇರಿತು. ಪ್ರದರ್ಶನದ ದಿನ ಲೀಲಾಕ್ಷಿ ಅದರ ಪಕ್ಕದಿಂದ ಕದಲಲಿಲ್ಲ. ನಿಂತು ನೋಡಿದವರಿಗೆಲ್ಲ, "ಆ ಬಾಲ ಮಾತ್ರ ನನ್ನ ಕೆಲಸ" ಎಂದು ಹೆಮ್ಮೆಯಿಂದ ಹೇಳಿದರು.

ಕಥೆ ಹೇಳುವ ನಮ್ಮಂಥವರು ಕಾಣದ ಕಡೆಯೂ ಧಾರಾಳವಾಗಿ ಬಣ್ಣ ಬಳಿಯುತ್ತೇವೆ. ಸೀನಪ್ಪನವರ ಜಾತಿಯ ಜನ, ಯಾವ ಹಡಗಿನಲ್ಲಿರಲಿ, ಯಾವ ಊರಿನ ಬಾಡಿಗೆ ಮನೆಯಲ್ಲಿರಲಿ, ಕಂಡಷ್ಟಕ್ಕೇ ಕೈ ನಿಲ್ಲಿಸುತ್ತಾರೆ. ಅವರು ಹಾಗೆಯೇ ಬಿಟ್ಟ ಬಿಳಿಯ ಜಾಗವನ್ನು ನೋಡಿಯೇ ನಾವು ಉಳಿದ ಬಣ್ಣಗಳನ್ನು ನಂಬುವುದು.