ಏನೂ ಹಾಕದ ಬಾಟಲಿ

ಆಷಾಢದ ಗಾಳಿ ಬೀಸುತ್ತಿದ್ದ ಕಾಲ, ದೀಪ ಹಚ್ಚುವ ಹೊತ್ತು. ಮಾಗಡಿಯಿಂದ ನನ್ನ ತಂಗಿ ಕಳಿಸಿದ್ದ ಹೆಸರುಕಾಳಿನ ಡಬ್ಬದ ಮುಚ್ಚಳ ತೆಗೆದ ನನ್ನ ಹೆಂಡತಿ ಮುನಿತಾಯಮ್ಮ, ಹಾವು ಕಂಡವಳ ಹಾಗೆ ಹಿಂದೆ ಸರಿದಳು. ಕಾಳಿನ ತುಂಬ ಹುಳ. ಕೈ ಹಾಕಿದರೆ ಬೆರಳಿಗೆ ಹಿಟ್ಟು ಹತ್ತುತ್ತಿತ್ತು. ಎಸೆಯಲು ಎತ್ತಿಕೊಂಡು ಹೊರಟಳೋ ಇಲ್ಲವೋ, ಮೊಮ್ಮಗಳು ಕವನಾ ಓಡಿ ಬಂದು ಡಬ್ಬ ಹಿಡಿದುಕೊಂಡಳು. ಅವಳ ಬೆನ್ನಿಗೆ ಮೇಲಿನ ಮನೆಯ ರಾಗಿಣಿ.

"ಎಸೀಬೇಡ ಅಜ್ಜಿ. ನಮ್ಗೆ ಈ ಹುಳಾನೇ ಬೇಕು."

ಇಬ್ಬರೂ ಒಂಬತ್ತನೇ ಕ್ಲಾಸು. ಮಲ್ಲತ್ತಹಳ್ಳಿ ಕೆರೆಯ ಪಕ್ಕದ ನಮ್ಮ ರಾಗಿ ಹೊಲ ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ಕಟ್ಟಿದ ಮನೆ ನಮ್ಮದು. ಕೆಳಗೆ ನಾವು, ಮೇಲೆ ಬಾಡಿಗೆಗೆ ರಾಗಿಣಿಯ ತಂದೆ ಪುರುಷೋತ್ತಮ, ತಾಯಿ ಕೋಕಿಲಾ. ಅವರು ಬಂದಾಗ ಆ ಮಗುವಿಗೆ ಇನ್ನೂ ಹಾಲುಹಲ್ಲು. ಬೆಳಿಗ್ಗೆ ಮೇಲೆ ಎದ್ದರೆ ರಾತ್ರಿ ಮಲಗುವ ತನಕ ಅವಳು ಇರುತ್ತಿದ್ದದ್ದು ಕೆಳಗೇ.

ಪುರುಷೋತ್ತಮ ಬ್ಯಾಂಕಿನ ಕೆಲಸದವರು. ಆ ತಿಂಗಳು ಅವರಿಗೆ ಕಲಬುರಗಿಗೆ ವರ್ಗವಾಗಿತ್ತು. ಸದ್ಯಕ್ಕೆ ತಾವೊಬ್ಬರೇ ಹೋಗಿ, ದೀಪಾವಳಿ ಕಳೆದ ಮೇಲೆ ಹೆಂಡತಿ ಮಗಳನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನ ಮಾಡಿದ್ದರು. ರಾಗಿಣಿ ಅತ್ತಳು, ಊಟ ಬಿಟ್ಟಳು. ಕಡೆಗೆ ಅವರು ಒಂದು ಮಾತು ಕೊಟ್ಟರು. ಹುಡುಗಿಯರಿಬ್ಬರೂ ಸೇರಿ ಜಿಲ್ಲಾ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದರೆ ಜನವರಿಯಲ್ಲಿ ರಾಜ್ಯಮಟ್ಟದ್ದು ಇರುತ್ತದೆ, ಅದಕ್ಕೆ ಅವಳು ಇಲ್ಲಿರಲೇಬೇಕಾಗುತ್ತದೆ. ಹಾಗಾದರೆ ವರ್ಷದ ಪರೀಕ್ಷೆ ಮುಗಿಯುವವರೆಗೆ ನಿಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತೇನೆ ಎಂದರು. ಸೋತರೆ ಮರುಮಾತಿಲ್ಲದೆ ಹೊರಡಬೇಕು. ಇವರು ಗೆಲ್ಲುವ ಪೈಕಿ ಅಲ್ಲ ಅಂದುಕೊಂಡೇ ಹೇಳಿದರು ಎಂದು ನನ್ನ ಅನುಮಾನ.

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಮಧ್ವೇಶ್ ಅಂತ. ಎಲ್ಲರೂ ಜ್ವಾಲಾಮುಖಿ, ಗಾಳಿಯಂತ್ರ ಮಾಡಿಕೊಂಡು ಬರುತ್ತಾರೆ, ನೀವು ನಿಮ್ಮ ಮನೆಯೊಳಗೆ ಹುಡುಕಿ ಎಂದಿದ್ದರಂತೆ. ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ಹುಳ. ಹಿಂದಿನವರು ಕಾಳಿಗೆ ಹುಳ ಬೀಳದ ಹಾಗೆ ಏನೇನೋ ಮಾಡುತ್ತಿದ್ದರಲ್ಲ, ಅದರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ ಎಂದು ನೋಡುವುದೇ ಅವರ ಪ್ರಾಜೆಕ್ಟು. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳನ್ನು ತೊಳೆದು ಸಾಲಾಗಿ ಇಟ್ಟರು. ಒಳ್ಳೆಯ ಕಾಳು ತುಂಬಿ, ಎಲ್ಲಕ್ಕೂ ಒಂದೇ ಸಮ ಹುಳ ಬಿಟ್ಟರು. ಒಂದಕ್ಕೆ ಬೇವಿನ ಸೊಪ್ಪು, ಒಂದಕ್ಕೆ ಹೊಂಗೆ ಸೊಪ್ಪು, ಒಂದಕ್ಕೆ ಬೂದಿ, ಒಂದಕ್ಕೆ ಕೆಮ್ಮಣ್ಣು, ಒಂದಕ್ಕೆ ಹರಳೆಣ್ಣೆ. ಈಗ ಒಲೆ ಯಾರ ಮನೆಯಲ್ಲಿದೆ? ಬೂದಿಯನ್ನು ಮೂಲೆಯ ಇಸ್ತ್ರಿ ಗಾಡಿಯಿಂದ ತಂದರು. ಕೊನೆಯ ಬಾಟಲಿಗೆ ಏನೂ ಹಾಕಲಿಲ್ಲ. ಬಾಯಿಗೆ ತೆಳುಬಟ್ಟೆ ಕಟ್ಟಿ ಎಲ್ಲವನ್ನೂ ಕಿಟಕಿಕಟ್ಟೆಯ ಮೇಲಿಟ್ಟು, ಯಾರೂ ಮುಟ್ಟಬಾರದು ಎಂದು ಅಪ್ಪಣೆ ಮಾಡಿದರು.

ಒಂದು ಮಾತು ಹೇಳಬೇಕು. ಮುನಿತಾಯಮ್ಮನ ಮನೆಯ ಕಾಳು ಅಂದರೆ ನಮ್ಮ ಬೀದಿಯಲ್ಲಿ ಹೆಸರು. ಬಿತ್ತನೆ ಇದ್ದ ಕಾಲದಲ್ಲಿ ಬೀಜಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಯಾರೋ ಕೊಟ್ಟ ಗೌರಿ ಬಾಗಿನದ ಮೊರದಲ್ಲಿ ತೊಗರಿಬೇಳೆ ತೂತಾಗಿದ್ದದ್ದನ್ನು ಕಂಡು ಇವಳು ಆಡಿದ ಒಂದು ಮಾತನ್ನು ಬೀದಿಯ ಹೆಂಗಸರು ಇವತ್ತಿಗೂ ಮರೆತಿಲ್ಲ.

ಗೌರಿ ಹಬ್ಬ ಹತ್ತಿರ ಬಂತು. ಮನೆಯೆಲ್ಲ ಜೇಡ ತೆಗೆದು, ತೊಳೆದು ಬಳಿದದ್ದಾಯಿತು. ಮಕ್ಕಳು ಶಾಲೆಗೆ ಹೋಗಿದ್ದಾಗ ಅವಳು ಕಿಟಕಿಕಟ್ಟೆಯ ಮುಂದೆ ನಿಂತಳು. ಕೊನೆಯ ಬಾಟಲಿಯಲ್ಲಿ ಹುಳ ಗಿಜಿಗುಡುತ್ತಿತ್ತು. ಹಬ್ಬದ ದಿನ ಮಕ್ಕಳು ವಾರದ ಲೆಕ್ಕಕ್ಕೆ ಎಣಿಸಲು ಕೂತರೆ ಒಂದೂ ಇಲ್ಲ. ಕಾಳು ಮುತ್ತಿನ ಹಾಗೆ ಹೊಳೆಯುತ್ತಿದೆ, ಮೇಲೆ ಒಂದು ಹಿಡಿ ಹೊಂಗೆ ಸೊಪ್ಪು. ಕವನಾ ಅಜ್ಜಿಯ ಮುಖ ನೋಡಿದಳು.

"ಔಷಧಿ ಹಾಕಿರೋವು ಒಂದ್ನೂ ಮುಟ್ಟಿಲ್ಲ ಕಣವ್ವ," ಎಂದಳು ಮುನಿತಾಯಮ್ಮ. "ಇದೊಂದಕ್ಕೆ ಏನೂ ಹಾಕಿರ್ಲಿಲ್ವಲ್ಲ. ಪಾಪ, ಹುಡುಗ್ರು ಮರ್ತವೆ ಅಂತ ಮೊರ್ದಲ್ಲಿ ಕೇರಿ, ಮೂರು ಬಿಸ್ಲು ಒಣಗ್ಸಿ ತುಂಬ್ದೆ. ಗೌರಮ್ಮ ಬರೋ ಮನೇಲಿ ಹುಳ ಇರ್ಬೋದಾ?"

ಕವನಾ ಹೋಗಿ ಮೆಟ್ಟಿಲ ಮೇಲೆ ಕೂತಳು. ರಾಗಿಣಿಯೇ ಅಜ್ಜಿಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಏನೂ ಹಾಕದ್ದರಲ್ಲಿ ಹುಳ ಹೆಚ್ಚಬೇಕು, ಆಗಲೇ ಹಾಕಿದ್ದರಲ್ಲಿ ಹೆಚ್ಚಲಿಲ್ಲ ಅನ್ನುವುದಕ್ಕೆ ಬೆಲೆ. ಅದಿಲ್ಲದಿದ್ದರೆ ಹುಳ ತಾನಾಗಿಯೇ ಸತ್ತಿರಬಹುದು ಅನ್ನುತ್ತಾರೆ. ಮುನಿತಾಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಹಬ್ಬದ ಒಬ್ಬಟ್ಟು ಆ ದಿನ ಯಾರಿಗೂ ರುಚಿಸಲಿಲ್ಲ.

ಮೇಷ್ಟ್ರು ಮಧ್ವೇಶ್ ಬಂದು ನೋಡಿ, ದಸರಾ ರಜೆ ಕಳೆದ ಮೇಲೆ ಪ್ರದರ್ಶನ, ಈಗಲೇ ಎಲ್ಲ ಬಾಟಲಿಗಳನ್ನೂ ಹೊಸದಾಗಿ ಶುರು ಮಾಡಿದರೆ ಸಮಯ ಸಾಲುತ್ತದೆ ಎಂದರು. ಆದರೆ ಹುಳ ಎಲ್ಲಿಂದ ತರುವುದು? ಮಾಗಡಿಯ ಕಾಳು ಮುಗಿದಿತ್ತು, ಔಷಧಿ ಹಾಕಿದ ಬಾಟಲಿಗಳಲ್ಲಿ ಉಳಿದಿದ್ದ ನಾಲ್ಕಾರು ಹುಳ ಸಾಲದು. ಕೇರಿದ ಹುಳವನ್ನೆಲ್ಲ ಪಕ್ಕದ ಮನೆಯ ಕೋಳಿ ತಿಂದಿತ್ತು. ಹುಡುಗಿಯರು ದಿನಸಿ ಅಂಗಡಿಗೆ ಹೋಗಿ ಹುಳ ಬಿದ್ದ ಕಾಳು ಇದೆಯಾ ಎಂದು ಕೇಳಿದರೆ, ನಾಲ್ಕು ಜನ ಗಿರಾಕಿ ನಿಂತಿರುವಾಗ ಹಿಂಗಾ ಕೇಳೋದು ಎಂದು ಅಂಗಡಿಯವನು ಅಟ್ಟಿದ. ಮನೆ ಮನೆಗೆ ಹೋದರು. ನಮ್ಮನೆಯಲ್ಲಿ ಹುಳವೇ, ನಾವು ವಾರಕ್ಕೊಮ್ಮೆ ಡಬ್ಬ ತೊಳೆಯುವವರು ಎಂದರು ಒಬ್ಬರು. ನಿಮ್ಮಜ್ಜಿ ಕಳಿಸಿದಳಾ ಪರೀಕ್ಷೆ ಮಾಡೋಕೆ ಎಂದು ಇನ್ನೊಬ್ಬರು. ಮಳೆಗಾಲದಲ್ಲಿ ಇಡೀ ಬೀದಿಯಲ್ಲಿ ಒಂದು ಮನೆಯಲ್ಲೂ ಹುಳವಿಲ್ಲ! ಇಬ್ಬರೂ ಸಪ್ಪೆ ಮುಖ ಮಾಡಿಕೊಂಡು ಬಂದರು. ಮೇಲೆ ಕೋಕಿಲಾ ಆಗಲೇ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಲು ತೊಡಗಿದ್ದರು.

ಮಾರನೆಯ ಬೆಳಿಗ್ಗೆ ಮುನಿತಾಯಮ್ಮ ತಾನೂ ಬರುತ್ತೇನೆಂದು ನನ್ನ ಜೊತೆ ಹಾಲಿನ ಬೂತಿಗೆ ಹೊರಟಳು. ಬೀದಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಅವಳು ಕಾಲ ಹೆಬ್ಬೆರಳಿನಲ್ಲಿ ನೆಲ ಕೆರೆದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮನೆ ಕಾಳಿಗೆ ಹುಳ ಬಿದ್ದಿತ್ತು ಕಣ್ರಮ್ಮ. ಡಬ್ಬದ ತುಂಬ. ನಿಮ್ಮನೇಲೂ ಇದ್ರೆ ಒಂದಿಷ್ಟು ಕೊಡಿ, ನಮ್ಮುಡುಗೀರಿಗೆ ಬೇಕು."

ಹಾಲು ಹಾಕುವವನು ಕೂಡ ಕೈ ನಿಲ್ಲಿಸಿದ. ಮೊದಲು ನಕ್ಕವರು ಹುಬ್ಬಳ್ಳಿ ಕಡೆಯ ಲಕ್ಷ್ಮವ್ವ.

"ಮುನಿತಾಯಮ್ಮಾರ ಮನ್ಯಾಗೂ ಹುಳಾ ಬಿದ್ದಾವಂದ್ರ, ನಮ್ಮನ್ಯಾಗ ಅದಾವಂತ ಹೇಳಾಕ ಇನ್ನ ನಾಚ್ಕಿ ಯಾಕ್ರಿ?"

ಎಲ್ಲರೂ ಒಟ್ಟಿಗೆ ನಕ್ಕರು. ಇವಳೂ ನಕ್ಕಳು, ಸ್ವಲ್ಪ ತಡವಾಗಿ. ಸಂಜೆ ಹೊತ್ತಿಗೆ ನಮ್ಮ ಜಗುಲಿಯ ಮೇಲೆ ಟಿಫಿನ್ ಡಬ್ಬ, ಕವರು, ಲೋಟ. ಒಂದೊಂದರಲ್ಲೂ ಹುಳ. ತಂದವರು ಸುಮ್ಮನೆ ಕೊಟ್ಟು ಹೋಗಲಿಲ್ಲ. ನಮ್ಮಮ್ಮ ಕಾಳಿಗೆ ಲವಂಗ ಹಾಕುತ್ತಿದ್ದರು ಎಂದರು ಒಬ್ಬರು. ಒಣಮೆಣಸಿನಕಾಯಿ ಮುಂದೆ ಯಾವುದೂ ನಿಲ್ಲದು ಎಂದು ಲಕ್ಷ್ಮವ್ವ ಪಂಥ ಕಟ್ಟಿದರು. ಬಾಟಲಿಗಳ ಸಾಲು ಕಿಟಕಿಕಟ್ಟೆ ದಾಟಿ ಬೆಂಚಿನ ಮೇಲೆ ಬಂತು. ರಾಗಿಣಿ ಇನ್ನೊಂದನ್ನು ಸೇರಿಸಿದಳು. ಹುಳ ಬಿಟ್ಟ ಕಾಳನ್ನು ಅಜ್ಜಿ ಮಾಡಿದ ಹಾಗೆಯೇ ಕೇರಿ, ಮೂರು ಬಿಸಿಲು ಒಣಗಿಸಿ ತುಂಬಿ, ಅದಕ್ಕೆ 'ಅಜ್ಜಿ ಬಿಸಿಲು' ಎಂದು ಚೀಟಿ ಅಂಟಿಸಿದಳು.

ನನಗೆ ಕೊಟ್ಟ ಕೆಲಸ ಕಾವಲು. ಏನೂ ಹಾಕದ ಬಾಟಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಹೊಲ ಕಾದವನಿಗೆ ಅದೇನು ಕಷ್ಟವಲ್ಲ. ಮುನಿತಾಯಮ್ಮ ದಿನಾ ಬೆಳಿಗ್ಗೆ ಪೊರಕೆ ಹಿಡಿದು ಆ ಕಡೆ ಬರುವಳು, ಬಾಟಲಿಯೊಳಗೆ ಹುಳ ಹೆಚ್ಚುವುದನ್ನು ನೋಡುವಳು, ಮುಖ ಆ ಕಡೆ ತಿರುಗಿಸಿಕೊಂಡು ಗುಡಿಸುವಳು. ಆಯುಧಪೂಜೆ ದಿನ ಮಾತ್ರ, ಇದನ್ನು ಒಂದು ಗಳಿಗೆ ಮೆಟ್ಟಿಲ ಮೇಲಾದರೂ ಇಡಬಾರದಾ ಎಂದು ಕೇಳಿಕೊಂಡಳು. ಜಾಗ ಬದಲಾಯಿಸಿದರೂ ಲೆಕ್ಕ ಕೆಡುತ್ತದಂತೆ ಎಂದೆ. ದೇವರಿಗೆ ತಪ್ಪು ಕಾಣಿಕೆ ಹಾಕಿ ಸುಮ್ಮನಾದಳು.

ಪ್ರದರ್ಶನ ರಾಜಾಜಿನಗರದ ಒಂದು ಶಾಲೆಯಲ್ಲಿ. ಬಸ್ಸಿನಲ್ಲಿ ಒಬ್ಬೊಬ್ಬರ ಮಡಿಲಲ್ಲೂ ಬಾಟಲಿ. ಹುಳದ ಬಾಟಲಿ ಮುನಿತಾಯಮ್ಮನ ಪಾಲಿಗೇ ಬಂತು. ಪಕ್ಕದವರಿಗೆ ಕಾಣದ ಹಾಗೆ ದಾರಿಯುದ್ದಕ್ಕೂ ಸೆರಗು ಮುಚ್ಚಿಕೊಂಡು ಕೂತಿದ್ದಳು.

ಅಲ್ಲಿ ನೋಡಿದರೆ ದೀಪ ಹತ್ತುವುದೇನು, ಚಕ್ರ ತಿರುಗುವುದೇನು. ನಮ್ಮ ಮೇಜಿನ ಮೇಲೆ ಬರೀ ಕಾಳು. ತೀರ್ಪು ಕೊಡಲು ಬಂದ ಮೇಡಂ ಒಂದೊಂದೇ ಬಾಟಲಿ ಎತ್ತಿ ನೋಡಿದರು. ಹರಳೆಣ್ಣೆಯದರಲ್ಲಿ ಹುಳ ಸತ್ತಿತ್ತು, ಬೂದಿ ಕೆಮ್ಮಣ್ಣಿನವು ಚೆನ್ನಾಗಿದ್ದವು. ಲಕ್ಷ್ಮವ್ವನ ಮೆಣಸಿನಕಾಯಿ ಮೇಲೆ ಹುಳ ಆರಾಮಾಗಿ ಓಡಾಡುತ್ತಿತ್ತು. ಮೇಡಂ ಎಲ್ಲ ಕೇಳಿ ತಿಳಿದುಕೊಂಡು, ಮಾಡುವಾಗ ಏನಾದರೂ ತಪ್ಪಾಯಿತಾ ಎಂದು ಕೇಳಿದರು.

ಕವನಾ ರಾಗಿಣಿಯ ಮುಖ ನೋಡಿದಳು, ರಾಗಿಣಿ ನೆಲ ನೋಡಿದಳು. ಅಜ್ಜಿಯ ಹೆಸರು ಹೇಳಲು ಇಬ್ಬರಿಗೂ ಮನಸ್ಸಿಲ್ಲ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಿಂದೆ ನಿಂತಿದ್ದ ಮುನಿತಾಯಮ್ಮ ಮುಂದೆ ಬಂದಳು.

"ಮೊದಲನೇ ಸಲದ್ದ ನಾನೇ ಕೆಡಿಸ್ದೆ ತಾಯಿ. ಔಷಧಿ ಹಾಕೋದು ಮರ್ತವೆ ಅಂತ ಒಣಗಿಸ್ಬುಟ್ಟೆ."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಹೇಗೆ ಮತ್ತೆ ಶುರು ಮಾಡಿದಿರಿ ಎಂದು ಕೇಳಿದರು. ಹುಡುಗಿಯರ ಬಾಯಿ ಬಿಚ್ಚಿತು. ಅಂಗಡಿಯವನು ಅಟ್ಟಿದ್ದು, ಹಾಲಿನ ಬೂತು, ಬೀದಿಯವರ ಹುಳ, ತಾತನ ಕಾವಲು, ಒಂದನ್ನೂ ಬಿಡಲಿಲ್ಲ. ಕವನಾ 'ಅಜ್ಜಿ ಬಿಸಿಲು' ಬಾಟಲಿಯನ್ನು ಮೇಡಂ ಕೈಗೆ ಕೊಟ್ಟಳು. ಅದರಲ್ಲಿ ಹುಳ ಒಂದೂ ಇರಲಿಲ್ಲ. ಕೆಟ್ಟದ್ದನ್ನೂ ಲೆಕ್ಕಕ್ಕೆ ತಗೊಂಡಿದ್ದೀರಿ, ಎಷ್ಟೋ ದೊಡ್ಡವರೇ ಅದನ್ನು ಮುಚ್ಚಿಡುತ್ತಾರೆ ಎಂದು ಹೇಳಿ ಮೇಡಂ ಮುಂದಿನ ಮೇಜಿಗೆ ಹೋದರು.

ಸಂಜೆ ಮೈಕಿನಲ್ಲಿ ಇವರ ಹೆಸರು ಮೊದಲು ಬಂತು. ರಾಗಿಣಿ ವೇದಿಕೆಗೆ ಹೋಗುವುದನ್ನು ಬಿಟ್ಟು ಮುನಿತಾಯಮ್ಮನನ್ನು ತಬ್ಬಿಕೊಂಡಳು. ಮನೆಗೆ ಒಯ್ಯಲು ಎತ್ತಿಕೊಂಡಿದ್ದ ಹುಳದ ಬಾಟಲಿ ಇಬ್ಬರ ನಡುವೆ ಇತ್ತು.

ದೀಪಾವಳಿ ಕಳೆಯಿತು. ಲಾರಿಗೆ ಸಾಮಾನು ಏರಿಸಿದ್ದಾಯಿತು. ಕೋಕಿಲಾ ಮಗಳಿಗೆ ಯಾವ ಪಲ್ಯ ಸೇರದು, ತಲೆಗೆ ಯಾವ ಎಣ್ಣೆ ಎಂದು ಹೇಳುತ್ತಲೇ ಇದ್ದರು. ಮುನಿತಾಯಮ್ಮ ಏನೂ ಗೊತ್ತಿಲ್ಲದವಳ ಹಾಗೆ ತಲೆಯಾಡಿಸುತ್ತಿದ್ದಳು. ಪುರುಷೋತ್ತಮ ನನ್ನ ಹತ್ತಿರ ಬಂದು ಕೈ ಮುಗಿದರು.

"ಹುಳ ನನ್ನ ಸೋಲಿಸುತ್ತೆ ಅಂದ್ಕೊಂಡಿರ್ಲಿಲ್ಲ ಯಜಮಾನ್ರೇ."

ರಾಗಿಣಿ ಅಪ್ಪ ಅಮ್ಮನ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು, ಹೊತ್ತಾಯಿತೆಂದು ಕವನಾಳ ಜೊತೆ ಶಾಲೆಯ ಕಡೆ ಓಡಿದಳು. ಆ ಬೆಳಿಗ್ಗೆ ಕಲಬುರಗಿಗೆ ಹೊರಟವರು ಪುರುಷೋತ್ತಮ ಮತ್ತು ಕೋಕಿಲಾ, ಇಬ್ಬರೇ.