ಆರನೆಯ ಸೆಲ್

ಬೈಕಿನ ಬ್ಯಾಟರಿಯ ಆರನೆಯ ಸೆಲ್ಲಿನ ಮುಚ್ಚಳ ತಿರುಗಿಸಿ ತೆಗೆದು, ತೂತಣ್ಣ ಗಾಜಿನ ಕೊಳವೆಯನ್ನು ಒಳಗಿಳಿಸಿ ರಬ್ಬರಿನ ಬುರುಡೆ ಒತ್ತಿ ಬಿಟ್ಟ. ಆ್ಯಸಿಡ್ ಮೇಲೇರಿತು. ಕೊಳವೆಯೊಳಗಿನ ಕಡ್ಡಿ ತೇಲಿ ಹಸಿರು ಗೆರೆಯ ಹತ್ತಿರ ನಿಂತಿತು. ಕಡ್ಡಿ ಮುಳುಗಿದರೆ ಸೆಲ್ಲು ಸತ್ತಿದೆ ಎಂದರ್ಥ. ಇದೊಂದಾದರೂ ಮುಳುಗಲಿ ಎಂದು ಬೇಡಿಕೊಂಡಿದ್ದ. ಹಾಳಾದ್ದು, ಆರಕ್ಕೆ ಆರೂ ಸೆಲ್ಲು ಗಟ್ಟಿಯಾಗಿದ್ದವು.

ಸಾಲದೆಂದು ಇಂಡಿಕೇಟರಿನ ಪುಟ್ಟ ಬಲ್ಬೊಂದನ್ನು ಬ್ಯಾಟರಿಯ ಎರಡು ತುದಿಗೂ ಸಿಕ್ಕಿಸಿದ. ಝಗ್ಗನೆ ಹೊತ್ತಿಕೊಂಡಿತು. ಹತ್ತು ನಿಮಿಷ ಕಾದರೂ ಮಂಕಾಗುವ ಲಕ್ಷಣವಿಲ್ಲ. ಒಂದೇ ಚಾರ್ಜಿಗೆ ಹೀಗೆ ಚೇತರಿಸಿಕೊಂಡಿದೆ ಎಂದರೆ ಬ್ಯಾಟರಿಯದೇನೂ ತಪ್ಪಿಲ್ಲ. ಯಾರೋ ಬೈಕಿನ ಕೀ ಆಫ್ ಮಾಡದೆ ಬಿಟ್ಟು, ದೀಪ ಉರಿದು ಉರಿದು ಬರಿದಾಗಿತ್ತು, ಅಷ್ಟೆ. ಯಾರು ಎನ್ನುವುದೂ ಅವನಿಗೆ ಗೊತ್ತಿತ್ತು. ಕಷ್ಟವಿದ್ದದ್ದೇ ಅಲ್ಲಿ.

*

ಹಿಂದಿನ ದಿನ ಬೆಳಿಗ್ಗೆ ಪಕ್ಕದಂಗಡಿಯ ಟೈಲರ್ ತನ್ನ ಮನೆಯ ಮುಂದೆ, ಬ್ಯಾಟರಿ ಇಳಿದು ಸ್ಟಾರ್ಟ್ ಆಗದ ಬೈಕಿನ ಕಿಕ್ಕರ್ ತುಳಿದೂ ತುಳಿದೂ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಜೆ ಅವನ ಮಗಳು ತಾನೇ ಬ್ಯಾಟರಿ ಬಿಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ತೂತಣ್ಣನ ಅಂಗಡಿಗೆ ತಂದಳು. ಅದರ ಹಿಂದಿನ ಸಂಜೆ ಬೈಕು ತೆಗೆದುಕೊಂಡು ಹೋಗಿದ್ದವಳು ಅವಳೇ. ಬಂದು ನಿಲ್ಲಿಸಿದಾಗ ಕೀ ಆಫ್ ಮಾಡಿದೆನೋ ಇಲ್ಲವೋ ನೆನಪಿಲ್ಲ ಎಂದಳು. ಅಮ್ಮನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

"ಮಾಮ, ಬ್ಯಾಟರಿ ತಾನಾಗೇ ಹೋಗಿತ್ತಾ, ಇಲ್ಲ ನನ್ನಿಂದ ಹೀಗಾಯ್ತಾ? ನೀವು ನೋಡಿ ಹೇಳಿ. ನೀವು ಹೇಳಿದ್ರೆ ನಂಬ್ತೀನಿ."

ನಂಬದೆ ಏನು? ಹೊಸ ಬ್ಯಾಟರಿ ಬೇಕೆಂದು ಬಂದವರಿಗೆ ಹಳೆಯದರ ತುದಿ ಉಜ್ಜಿಕೊಟ್ಟು, ಇನ್ನೊಂದು ವರ್ಷ ಬರುತ್ತದೆ ಹೋಗಿ ಎಂದು ಅಟ್ಟುತ್ತಿದ್ದ ಆಸಾಮಿ ಅವನು. ಅವನ ಮಾತು ಒರಟು, ಆದರೆ ಬ್ಯಾಟರಿಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಕೇಳಿದವರಿಲ್ಲ.

*

ಇಪ್ಪತ್ತಾರು ವರ್ಷ ಅವರಿಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದೇ ಗೋಡೆ. ಆ್ಯಸಿಡ್ ಸಿಡಿದು ಇವನ ಅಂಗಿಯಲ್ಲಿ ತೂತು ಬೀಳುವುದು, ಟೈಲರ್ ಬೈದುಕೊಂಡೇ ತೇಪೆ ಹಾಕುವುದು. ತೂತಣ್ಣ ಎಂದು ಹೆಸರಿಟ್ಟವನೂ ಅವನೇ. ಬಟ್ಟೆಗೆ ಗುರುತು ಹಾಕಿ ಸವೆದ ಸೀಮೆಸುಣ್ಣದ ಚೂರುಗಳನ್ನು ಅವನು ಇವನ ಡಬ್ಬಿಗೆ ಹಾಕುತ್ತಿದ್ದ. ಸತ್ತ ಬ್ಯಾಟರಿಗಳ ಮೇಲೆ ಇವನು ಅವುಗಳಿಂದಲೇ ಕತ್ತರಿ ಗುರುತು ಎಳೆದು ಗುಜರಿಗೆ ಎಸೆಯುತ್ತಿದ್ದ.

ಮೈ ಬಂದ ಗಿರಾಕಿಗಳು ಹಳೇ ಪ್ಯಾಂಟು ತಂದರೆ ಟೈಲರ್ ಮುಖ ನೋಡದೆ ಸೊಂಟ ಸಡಿಲಿಸುತ್ತ, "ನೀವು ಹಾಗೇ ಇದೀರಿ, ಬಟ್ಟೆ ಕುಗ್ಗಿದೆ" ಎನ್ನುತ್ತಿದ್ದ. ಬಾಯಿ ಬಿಟ್ಟರೆ ಸುಳ್ಳು ನಿನ್ನದು ಎಂದು ತೂತಣ್ಣ ರೇಗಿಸುವುದಿತ್ತು.

"ಹೊಟ್ಟೆ ಬಂದಿರೋದು ಅವರಿಗೆ ಗೊತ್ತಿಲ್ವೇನೋ?" ಎಂದಿದ್ದ ಟೈಲರ್ ಒಮ್ಮೆ, ಹಲ್ಲಲ್ಲಿ ದಾರ ಕಚ್ಚಿಕೊಂಡು. "ಅದನ್ನ ನಾನೂ ಹೇಳ್ಬೇಕಾ? ಉಸಿರಾಡೋಕೆ ಜಾಗ ಮಾಡ್ಕೊಟ್ರೆ ಆಯ್ತಪ್ಪ."

*

ಟೈಲರ್ ಮನೆಯ ಅಂಗಳದಲ್ಲಿ ಕುರ್ಚಿ ಸಾಲದೆ ಜನ ನಿಂತಿದ್ದರು. ಹೆಣ ಸಾಗಿಸುವ ವ್ಯಾನು ಎರಡು ಗಂಟೆಗೆ ಬರುವುದಿತ್ತು. ತೂತಣ್ಣ ಹೊಸ ಬ್ಯಾಟರಿ ತಂದು, ಗೇಟಿನ ಪಕ್ಕದ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಬೆನ್ನ ಹಿಂದೆ ಬೇಕರಿಯವನೂ ನಿವೃತ್ತ ಮೇಷ್ಟ್ರೂ ಮಾತಾಡುತ್ತಿದ್ದರು. ನೀವು ಹಾಗೇ ಇದೀರಿ ಅಂತ ಹೋದ ತಿಂಗಳೂ ನನಗೆ ಹೇಳಿದ್ದ ಪುಣ್ಯಾತ್ಮ ಎಂದ ಬೇಕರಿಯವನು. ಮೇಷ್ಟ್ರು ತಮ್ಮ ಹೊಟ್ಟೆ ನೋಡಿಕೊಂಡರು.

"ನಿಮಗೂ ಹೇಳಿದ್ನಾ? ನಾನು ಆ ಬಟ್ಟೆ ಅಂಗಡಿಯವನ ಜೊತೆ ಜಗಳಾನೇ ಆಡಿ ಬಂದೆನಲ್ರೀ."

ನಗು ಬಂತು, ಸಾವಿನ ಮನೆ ಎಂಬುದು ನೆನಪಾಗಿ ಇಬ್ಬರೂ ಕಣ್ಣೊರೆಸಿಕೊಂಡರು.

ಮಗಳು ಬಂದು ತೂತಣ್ಣನ ಪಕ್ಕ ಕುಳಿತಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ. ಮುಖ ಬಿಗಿದುಕೊಂಡಿತ್ತು.

"ನೋಡಿದ್ರಾ ಮಾಮ?"

ತೂತಣ್ಣ ಸ್ಪ್ಯಾನರಿನಿಂದ ಕಣ್ಣೆತ್ತಲಿಲ್ಲ.

"ಆರನೇ ಸೆಲ್ ಸತ್ತಿತ್ತು ಕಣಮ್ಮ. ತಿಂಗಳ ಹಿಂದೇನೇ ನಿಮ್ಮಪ್ಪಂಗೆ ಹೇಳಿದ್ದೆ, ಕಿವಿಗೆ ಹಾಕ್ಕೊಳ್ಳಲಿಲ್ಲ. ನೀನು ಕೀ ಆಫ್ ಮಾಡಿದ್ರೂ ಅದು ಹೋಗ್ತಿತ್ತು, ಬಿಟ್ಟಿದ್ರೂ ಹೋಗ್ತಿತ್ತು."

"ನಿಜ ತಾನೆ?"

ಅವನು ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದ.

"ಬ್ಯಾಟರಿ ವಿಷಯದಲ್ಲಿ ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಅವಳು ಅವನ ತೋಳಿಗೆ ಹಣೆ ಒತ್ತಿ ಬಿಕ್ಕಿದಳು. ತೇಪೆ ಹಾಕಿದ ತೋಳು ಒದ್ದೆಯಾಯಿತು. ಒಳಗಿನಿಂದ ತಾಯಿ ಬಂದು ಮಗಳನ್ನು ತಬ್ಬಿಕೊಂಡಾಗ ತೂತಣ್ಣ ಮೆಲ್ಲಗೆ ಎದ್ದು ಬದಿಗೆ ಸರಿದ.

*

ಎಲ್ಲ ಮುಗಿಸಿಕೊಂಡು ಅಂಗಡಿಗೆ ಬಂದಾಗ ಐದು ಗಂಟೆ. ಬೆಳಿಗ್ಗೆ ಬಿಚ್ಚಲು ಮರೆತಿದ್ದ ಬಲ್ಬು ಇನ್ನೂ ಉರಿಯುತ್ತಿತ್ತು. ತೂತಣ್ಣ ಸ್ಟೂಲಿನ ಮೇಲೆ ಕುಳಿತು ಅದನ್ನೇ ನೋಡಿದ. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ.

ಡಬ್ಬಿಗೆ ಕೈ ಹಾಕಿ ಸೀಮೆಸುಣ್ಣದ ಚೂರೊಂದನ್ನು ತೆಗೆದ. ಉರಿಯುವ ಬಲ್ಬಿನ ಬೆಳಕಿನಲ್ಲೇ ಬ್ಯಾಟರಿಯ ಮೇಲೆ ಒಂದು ಗೆರೆ ಎಳೆದ, ಅದರ ಮೇಲೆ ಅಡ್ಡಲಾಗಿ ಇನ್ನೊಂದು.